ಮುಯ್ಯಾಳಿನ ಊಟ

“ಸಾವ್ಕಾರ್ರ, ನಿಮ್ಮ ಬುತ್ತಿ ನೀವ ಕಟ್ಕೊಂಡು ಹೋಗ್ರಿ! ಯಾರು ಹೇಳಿದ್ರು ನಿಮಗ ಹೋಳಿಗಿ ತರಾಕ?”

ಸಿದ್ದವ್ವನ ದನಿಗೆ ಎಲೆ ಹಾಸುತ್ತಿದ್ದವನ ಕೈ ಅಲ್ಲೇ ನಿಂತಿತು.

“ಬಾಯಿಗೆ ಬಂದಂಗ ಮಾತಾಡಬ್ಯಾಡ ಸಿದ್ದವ್ವಾ,” ಎಂದರು ಚಂದ್ರಶೇಖರಪ್ಪ. ಮುಖ ಕೆಂಪಗಾಗಿತ್ತು. “ದುಡಿಯೋ ಮಂದಿಗೆ ಊಟ ತಂದೇನಿ, ವಿಷ ತಂದಿಲ್ಲ.”

“ವಿಷ ತಂದಿದ್ರ ಉಂಡಾಂವ ಒಬ್ಬನ ಸಾಯ್ತಿದ್ದ. ಈಗ ಕೆಲಸಾನ ಸತ್ತು ಕುಂತೈತಿ. ಮ್ಯಾಲೆ ನೋಡ್ರಿ!”

ಮೇಲೆ, ಹಂಚಿಲ್ಲದ ಮಾಡಿನ ತುದಿಯಲ್ಲಿ, ಕುದುರೆ ಹತ್ತಿದವನಂತೆ ಆಚೆಗೊಂದು ಈಚೆಗೊಂದು ಕಾಲು ಹಾಕಿ ಖಾಜಾ ಹುಸೇನ್ ಕೂತಿದ್ದ. ಒಬ್ಬರನ್ನೂ ಏಣಿ ಹತ್ತಲು ಬಿಡುತ್ತಿರಲಿಲ್ಲ.

ಖಾಜಾ ಶಿರಸಿಯಲ್ಲಿ ಗೂಡ್ಸ್ ಗಾಡಿ ಓಡಿಸುವವ. ಬಾಡಿಗೆ ಮನೆ ಯಾರಿಗೋ ಮಾರಾಟವಾಗಿ, ಹೊಸ ಮಾಲಕ ಪಾತ್ರೆ ಪಡಗ ಬೀದಿಗಿಟ್ಟ. ಖಾಜಾ ಹೆಂಡತಿ ಜೈನಾಬ್‌ಳನ್ನೂ ಮಕ್ಕಳನ್ನೂ ಕಟ್ಟಿಕೊಂಡು ಬನವಾಸಿ ರಸ್ತೆಯ ಹುಟ್ಟೂರಿಗೆ ಬಂದು ಸಮುದಾಯ ಭವನದ ಮೂಲೆ ಸೇರಿದ್ದ. ನಾಳೆ ಅಲ್ಲಿ ಮದುವೆ. ಇವತ್ತು ಸಂಜೆಯೊಳಗೆ ಆ ಮೂಲೆಯೂ ಖಾಲಿಯಾಗಬೇಕು. ಅಪ್ಪ ಬಿಟ್ಟುಹೋದ ತುಂಡು ಜಾಗದಲ್ಲಿ ಗೋಡೆ ಎದ್ದಿತ್ತು, ಮಾಡಿಗೆ ಮರದ ಪಕಾಸಿ ಏರಿತ್ತು, ಹಂಚು ಹೊದಿಸುವುದೊಂದೇ ಬಾಕಿ.

ಮನೆ ಕಳೆದುಕೊಂಡವರಿಗೆ ಸೂರು ಮಾಡಿಕೊಡಲು ಊರವರು ಒಂದು ಸಂಘ ಕಟ್ಟಿಕೊಂಡಿದ್ದರು; ಈ ಮನೆಯೂ ಅದರದೇ ಕೆಲಸ. ಅಡಿಕೆ ವ್ಯಾಪಾರಿ ಚಂದ್ರಶೇಖರಪ್ಪ ಅಧ್ಯಕ್ಷರು. ತಮ್ಮ ಹಳೇ ಗೋದಾಮಿನ ಹಂಚು ಕೊಟ್ಟವರೂ ಅವರೇ. ಖಾಜಾನ ಪರವಾಗಿ ಆಳು ಕೂಡಿಸಿದವಳು ಸಿದ್ದವ್ವ, ಅದೂ ಮುಯ್ಯಾಳು.

ಮುಯ್ಯಾಳೆಂದರೆ ಗದ್ದೆಗಿಳಿದ ಯಾರಿಗೂ ಗೊತ್ತು. ಇವತ್ತು ನಿನ್ನ ನಾಟಿಗೆ ನಾನು, ನಾಳೆ ನನ್ನ ನಾಟಿಗೆ ನೀನು. ಕೂಲಿಯಿಲ್ಲ. ಆದರೆ ಮಧ್ಯಾಹ್ನದ ಊಟ ಕರೆದವರ ಮನೆಯದೇ ಆಗಬೇಕು. ಅದನ್ನು ಉಣ್ಣದೆ ಎದ್ದರೆ ಮುಯ್ಯಿ ಮುರಿಯಿತು, ದುಡಿದದ್ದು ದಾನವಾಯಿತು. ಚಂದ್ರಶೇಖರಪ್ಪನವರ ಮನೆತನ ಗದ್ದೆ ಬಿಟ್ಟು ಪೇಟೆ ಸೇರಿ ಎರಡು ತಲೆಮಾರು. ಅವರಿಗೆ ಇದು ಮರೆತೇ ಹೋಗಿತ್ತು.

ಮನೆಯ ಹಿಂದೆ ಜೈನಾಬ್ ಬೆಳಗಿನಿಂದ ಒಲೆ ಊದಿ ಅನ್ನ, ಬೇಳೆಸಾರು, ಬದನೆಕಾಯಿ ಪಲ್ಯ ಮಾಡಿ ಮುಚ್ಚಿಟ್ಟು ಕೂತಿದ್ದಳು. ಸಾರಿನ ಮೇಲೆ ಕೆನೆಗಟ್ಟುತ್ತಿತ್ತು.

“ನಾ ಮುಯ್ಯಾಳು ಕರದಿದ್ದು ಅಕ್ಕಾ, ಭಿಕ್ಷಾ ಬೇಡಿಲ್ಲ,” ಖಾಜಾ ಮೇಲಿಂದ ಕೂಗಿದ. “ಸುಗ್ಗಿಗೆ ಎಲ್ಲಾರ ಭತ್ತಾನೂ ನನ್ನ ಗಾಡಿಯಾಗ ಮಿಲ್ಲಿಗೆ ಹೋಗ್ತದ ಅಂತ ಮಾತು ಕೊಟ್ಟೇನಿ. ನನ್ನ ಮನಿ ಅನ್ನ ಬ್ಯಾಡ ಅಂದ್ರ ನನ್ನ ಮಾತೂ ಬ್ಯಾಡಂತಾಯ್ತು. ಮಳ್ಯಾಗ ಮಲಗ್ತೀನಿ, ಹೋಗ್ರಿ!”

“ನೀ ಮಲಗ್ತಿ, ಮಕ್ಕಳ್ನ ಎಲ್ಲಿ ಮಲಗಸ್ತಿ? ಬಾಯಿ ಮುಚ್ಚು!” ಎಂದು ಸಿದ್ದವ್ವ ಅವನಿಗೂ ಒಂದು ಬಿಟ್ಟಳು.

“ನಾ ಅನ್ನ ಬ್ಯಾಡ ಅಂದೆನೇನೋ?” ಚಂದ್ರಶೇಖರಪ್ಪನವರಿಗೆ ನಿಜಕ್ಕೂ ನೋವಾಗಿತ್ತು. “ಇಲ್ಲದವರ ಒಲಿಗೆ ಭಾರ ಬ್ಯಾಡ ಅಂತ ತಂದೆ. ಇಷ್ಟು ಸೊಕ್ಕಿದ್ರ ನನ್ನ ಹಂಚು ನಾ ಒಯ್ತೀನಿ.”

ಹಂಚಿಲ್ಲದಿದ್ದರೆ ಗೋಡೆ ಕಟ್ಟಿ ಏನು ಬಂತು?

ಖಾಜಾನೇ ದನಿ ಇಳಿಸಿದ. “ಹಂಚಿಗೂ ಮುಯ್ಯಿ ತೀರಸ್ತೀನಿ ಸಾವ್ಕಾರ್ರ. ಕೊಯ್ಲಿನಾಗ ನಿಮ್ಮ ಅಡಿಕಿ ಮೂಟಿ ಸಾಗಸ್ತೀನಿ.”

“ನಿನ್ನ ಮುಯ್ಯಿ ನನಗ್ಯಾಕೋ? ನಮ್ಮದು ಕೊಡೋ ಮನಿತನ. ಒಮ್ಮೆ ಕೊಟ್ಟದ್ದನ್ನ ಯಾರ ಕಡಿಂದನೂ ಹೊಳ್ಳಿ ಇಸ್ಕೊಂಡೋರಲ್ಲ!”

“ಹೌದ್ರಿ?” ಸಿದ್ದವ್ವ ಸೊಂಟದ ಮೇಲೆ ಕೈಯಿಟ್ಟಳು. “ಹಂಗಾರ ಹಂಚು ಹೆಂಗ ಒಯ್ತೀರಿ? ಅದೂ ಕೊಟ್ಟದ್ದ ಅಲ್ಲೇನು?”

ಹಂಚು ಹೊದಿಸುವ ಗಣಪ ಕಿಸಕ್ಕೆಂದ. ಅಷ್ಟೇ ಸಾಕಾಯಿತು, ಅಂಗಳವೆಲ್ಲ ನಕ್ಕಿತು.

ಸಿದ್ದವ್ವ ನಗಲಿಲ್ಲ. ಹಿತ್ತಲಿಗೆ ಹೋಗಿ ನೆಲಕ್ಕೆ ಕೂತು, “ಬಡಸು ಜೈನಾಬ್, ಹೊಟ್ಟಿ ಹಸದೈತಿ,” ಎಂದಳು. ಸಾರು ಕಲಸಿ ಬಾಯಿಗಿಟ್ಟು, “ಉಪ್ಪು ಕಮ್ಮಿ ಆಗ್ಯದಲ್ಲವ್ವಾ!” ಎಂದು ಅಲ್ಲೂ ರೇಗಿದಳು. ಜೈನಾಬ್ ಸೆರಗಿನಲ್ಲಿ ಕಣ್ಣೊರೆಸುತ್ತಾ ಉಪ್ಪು ತಂದಳು. ಗಣಪ ಬಂದು ಕೂತ. ಅವನ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ ಬಂದರು. ಖಾಜಾ ಏಣಿಯಿಳಿದು ಬಡಿಸಲು ಸೌಟು ಹಿಡಿದ.

ಸಿದ್ದವ್ವ ಪಕ್ಕದಲ್ಲಿ ಒಂದು ಎಲೆ ಹಾಸಿ, ಕೈಯಾರೆ ನೀರು ಚಿಮುಕಿಸಿದಳು. “ಬರ್ರಿ ಸಾವ್ಕಾರ್ರ. ನಾ ಬೈದದ್ದು ಬೈದೆ, ನೀವು ಅಂದದ್ದು ಅಂದ್ರಿ. ಹೋಳಿಗಿನೂ ತರ್ರಿ, ಎಲ್ಲಾ ಕೂಡಿ ಉಣ್ಣೂಣು. ಒಂದು ತುತ್ತು ಇಲ್ಲಿದೂ ಉಣ್ರಿ, ಸಾಕು.”

ಚಂದ್ರಶೇಖರಪ್ಪ ಎಲೆಯನ್ನು ನೋಡಿದರು. ಉಣ್ಣುತ್ತಿದ್ದವರನ್ನು ನೋಡಿದರು. ಇಷ್ಟು ವರ್ಷ ಆ ಜನರೆಲ್ಲ ತಮ್ಮೆದುರು ಕೈಚಾಚಿ ನಿಂತದ್ದನ್ನೇ ಕಂಡವರು ಅವರು. ಚಪ್ಪಲಿ ಮೆಟ್ಟಿ, ಡಬ್ಬಿಗಳನ್ನು ಅಲ್ಲೇ ಬಿಟ್ಟು, ರಸ್ತೆಗೆ ನಡೆದರು.

“ಅಕ್ಕಾ, ಕರೀಲಿ?” ಎಂದ ಖಾಜಾ.

“ಕರದಾತು. ನೀ ಮಜ್ಜಿಗಿ ಹಾಕು.”

ಹೊತ್ತು ಮುಳುಗುವ ಮುಂಚೆ ಕೊನೆಯ ಹಂಚು ಕೂತಿತು. ಜೈನಾಬ್ ಭವನದಿಂದ ಹಾಸಿಗೆ ಹೊತ್ತು ತಂದಳು. ಚಂದ್ರಶೇಖರಪ್ಪ ಆ ಸಂಜೆ ಬರಲಿಲ್ಲ. ಸಂಘ ಮುಂದಿನ ಮನೆ ಕಟ್ಟುವಾಗಲೂ ಬರಲಿಲ್ಲ.