ಅವಳಿಗೆ ಸಿಗದ ಸಿಗ್ನಲ್

ನಾನೊಂದು ಸಿಮ್ ಕಾರ್ಡ್. ಯಾವುದೋ ಕಾರ್ಖಾನೆಯಲ್ಲಿ ಪ್ಲಾಸ್ಟಿಕ್ ಹಾಳೆಗೆ ಹಿತ್ತಾಳೆ ಬಣ್ಣದ ಚೂರೊಂದನ್ನು ಕೂರಿಸಿದಾಗ ನನಗೆ ಜೀವ ಬಂತು. ಶಿಡ್ಲಘಟ್ಟದ ಅಂಗಡಿಯಲ್ಲಿ ನನ್ನನ್ನು ಕೊಂಡವನು ಖಲಂದರ್, ರೇಷ್ಮೆ ನೂಲು ತೆಗೆಯುವ ಯಂತ್ರಗಳ ಫಿಟ್ಟರ್. ಅವನ ಹೆಂಡತಿ ಜುಬೇದಾಗೆ ಕಿವಿ ಕೇಳದು, ಮಾತು ಬಾರದು. ಗಂಡಹೆಂಡಿರ ಸರಸ, ಜಗಳ ಎಲ್ಲವೂ ಕೈಸನ್ನೆಯಲ್ಲೇ.

ಹೊಸ ಯಂತ್ರದ ಕೆಲಸ ಕಲಿಯಲು ಖಲಂದರನನ್ನೂ ಜೊತೆಗಾರ ಚೌಡಪ್ಪನನ್ನೂ ನಲವತ್ತು ದಿನಕ್ಕೆ ಚೀನಾಕ್ಕೆ ಕಳಿಸಿದರು. ಅಲ್ಲಿಯ ವೈಫೈಯಲ್ಲಿ ವಿಡಿಯೊ ಕರೆ ಹೋಗಲಿಲ್ಲ. ಅವರು ಬಳಸುವ ಆ್ಯಪನ್ನು ಅಲ್ಲಿನ ಸರ್ಕಾರ ತಡೆದಿತ್ತು. ಎರಡು ದಿನ ಖಲಂದರನಿಗೆ ಊಟ ಸೇರಲಿಲ್ಲ.

"ವೈಫೈ ಆರ್ಸಿ, ರೋಮಿಂಗ್ ಹಾಕಿ ನೋಡಿ ಸಾಬ್ರೆ," ಎಂದ ಚೌಡಪ್ಪ. "ಸಿಮ್ ನಮ್ದಲ್ವಾ? ಡೇಟಾ ಮೊದ್ಲು ನಮ್ ದೇಶಕ್ಕೋಗಿ ಅಲ್ಲಿಂದ ಆಚೆಗೋಗ್ತದೆ. ಇವ್ರ ತಡೆಗೆ ಸಿಗಲ್ಲ."

ಹಾಗೇ ಆಯಿತು. ಅಂದಿನಿಂದ ಊಟದ ಬಿಡುವಿನಲ್ಲಿ ಖಲಂದರ್ ಫೋನನ್ನು ಲೋಟಕ್ಕೆ ಒರಗಿಸಿ ಎರಡೂ ಕೈಯಲ್ಲಿ ಮಾತಾಡುತ್ತಿದ್ದ.

ಕ್ಯಾಂಟೀನಿನಲ್ಲಿ ತಟ್ಟೆ ತೊಳೆಯುವ ಮುದುಕಿ ಲಿನ್ ಇದನ್ನು ದಿನವೂ ನೋಡುತ್ತಿದ್ದಳು. ಒಂದು ಮಧ್ಯಾಹ್ನ ಕೈ ಒರೆಸಿಕೊಂಡು ಬಂದಳು. ಅನುವಾದದ ಆ್ಯಪ್ ಅವಳ ಮಾತನ್ನು ಹೇಳಿತು: ಮಗಳು ಹೊರದೇಶದಲ್ಲಿದ್ದಾಳೆ. ಇಲ್ಲಿಯ ಆ್ಯಪಿನಲ್ಲಿದ್ದ ಅವಳ ಖಾತೆಯನ್ನು ಸರ್ಕಾರದವರು ಮುಚ್ಚಿಸಿದ್ದಾರೆ, ಹೊರಗಿನ ಆ್ಯಪ್ ಇಲ್ಲಿ ತೆರೆಯದು. ಮಗು ಹುಟ್ಟಿದೆಯಂತೆ, ಒಮ್ಮೆ ಮುಖ ನೋಡಬೇಕು.

ಖಲಂದರನ ಬೆರಳು, ನನ್ನ ಡೇಟಾವನ್ನು ಅವಳ ಫೋನಿಗೂ ಹಂಚುವ ಹಾಟ್‌ಸ್ಪಾಟಿನ ಕಡೆ ಹೋಯಿತು. ಚೌಡಪ್ಪ ಅವನ ಮಣಿಕಟ್ಟು ಹಿಡಿದ. "ಬ್ಯಾಡ ಸಾಬ್ರೆ. ಯಾರಾನ ನೋಡುದ್ರೆ ನಮ್ಗೂ ಕಷ್ಟ, ಆಯಮ್ಮಂಗೂ ಕಷ್ಟ."

ಖಲಂದರ್ ತಲೆಯಾಡಿಸಿ ಇಲ್ಲವೆಂದ. ಲಿನ್ ನಕ್ಕು, ತಟ್ಟೆಗಳ ಬಳಿಗೆ ಮರಳಿದಳು.

ನಾಲ್ಕು ದಿನ ಅವನಿಗೆ ಸಮಾಧಾನವಿಲ್ಲ. ಐದನೆಯ ದಿನ ಹಾಟ್‌ಸ್ಪಾಟ್ ಹಾಕಿಕೊಂಡೇ ಕ್ಯಾಂಟೀನಿಗೆ ಹೋದ. ತೊಟ್ಟಿಯ ಬಳಿ ಬೇರೆ ಹೆಂಗಸಿದ್ದಳು. ಲಿನ್ ಕೆಲಸ ಬಿಟ್ಟು ಊರಿಗೆ ಹೋದಳಂತೆ. ಯಾವ ಊರೆಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಆ ಮಧ್ಯಾಹ್ನ ಅವನು ಎಲ್ಲವನ್ನೂ ಜುಬೇದಾಗೆ ಸನ್ನೆಯಲ್ಲಿ ಹೇಳಿದ. ಅವಳು ಬೆರಳಲ್ಲೇ ಕೇಳಿದಳು: ಕೇಳಿದ ದಿನವೇ ಯಾಕೆ ಕೊಡಲಿಲ್ಲ?

ಖಲಂದರನ ಕೈಗಳು ಮೇಜಿನ ಮೇಲೆ ಹಾಗೇ ಬಿದ್ದಿದ್ದವು. ಕರೆ ಮಾತ್ರ ನಡೆದೇ ಇತ್ತು. ಅಲ್ಲಾಡದ ಆ ಎರಡು ಕೈಗಳ ಚಿತ್ರವನ್ನು ನಾನು ಶಿಡ್ಲಘಟ್ಟಕ್ಕೆ ಸಾಗಿಸುತ್ತಲೇ ಇದ್ದೆ.

ಊರಿಗೆ ಮರಳಿದ ಮೇಲೆ ಅವನು ಕೊಂಡ ಹೊಸ ಫೋನಿನೊಳಗೇ ಇ-ಸಿಮ್ ಇದೆ, ನನ್ನಂಥ ಕಾರ್ಡು ಬೇಕಿಲ್ಲ. ಈಗ ಜುಬೇದಾಳ ಹೊಲಿಗೆ ಡಬ್ಬಿಯಲ್ಲಿ, ಗುಂಡಿಗಳ ನಡುವೆ ಬಿದ್ದಿದ್ದೇನೆ. ಯಾವ ಟವರೂ ನನ್ನನ್ನು ಗುರುತಿಸುವುದಿಲ್ಲ. ಆ ಮಗು ಇಷ್ಟರಲ್ಲಿ ನಡೆಯಲು ಕಲಿತಿರಬೇಕು. ಅಜ್ಜಿ ಅದರ ಮುಖ ಕಂಡಳೋ ಇಲ್ಲವೋ, ಯಾರನ್ನು ಕೇಳಲಿ?