ಮೋಟರ್ ನಿಂತ ಹೊತ್ತು

"ಎಲ್ಲಿ ಬೇಕಾದ್ರೂ ಬೀಳ್ರಿ, ಆ ಬಲಗಾಲ ಮ್ಯಾಲ ಮಾತ್ರ ಬೀಳಬ್ಯಾಡ್ರಿ," ಎಂದಳು ಹೆಂಡತಿ ಚಾಂದಬೀ, ಬಾಗಿಲಿಗೆ ಒರಗಿಕೊಂಡು.

ಸೈಕಲ್ ಹಿಡಿದು ನಿಂತಿದ್ದ ಖಾಜಾಮಿಯಾ ನಕ್ಕ. "ಬೀಳೂದು ನನ್ನ ಕೈಯಾಗ ಇದ್ರ ನಾ ಯಾಕ ಬೀಳ್ತಿದ್ದೆ?"

ಅವಳ ಅಂಜಿಕೆ ಸುಳ್ಳಲ್ಲ. ಶಹಾಬಾದಿನ ಸುತ್ತ ಇರುವ ಖಣಿಗಳಲ್ಲಿ ಹರೆಯವೆಲ್ಲ ಕುಕ್ಕರಗಾಲಲ್ಲಿ ಕೂತು ಹಾಸುಗಲ್ಲು ಎಬ್ಬಿಸಿದವನು ಖಾಜಾಮಿಯಾ. ಈಗ ಐವತ್ತು ದಾಟಿ, ಕಲ್ಲು ಪಾಲಿಶ್ ಮಾಡುವ ಮಷೀನಿನ ಮುಂದೆ ನಿಂತು ದುಡಿಯುತ್ತಿದ್ದ. ಬಲಮಂಡಿಯೊಳಗಿನ ಮೆತ್ತೆ ಸವೆದುಹೋಗಿದೆ, ಇನ್ನೊಂದು ದೊಡ್ಡ ಪೆಟ್ಟು ಬಿದ್ದರೆ ಆ ಕಾಲ ಮೇಲೆ ನಿಲ್ಲುವ ಮಾತು ಮರೆತುಬಿಡು ಎಂದು ಡಾಕ್ಟರು ಹೇಳಿದ್ದರು. ನಿಲ್ಲಲಾಗದವನಿಗೆ ಮಷೀನು ಎಲ್ಲಿಯದು? ಓಡಬೇಡ, ಮೆಟ್ಟಿಲು ಹತ್ತಬೇಡ, ಸೈಕಲ್ ತುಳಿ; ಮೈಭಾರ ಸೀಟಿನ ಮೇಲೆ ಬೀಳುತ್ತದೆ, ಮಂಡಿ ಸುಮ್ಮನೆ ತಿರುಗುತ್ತಿರುತ್ತದೆ ಎಂದೂ ಅವರೇ ಹೇಳಿದ್ದು.

ಮೊದಮೊದಲು ಓಣಿಯವರು ಸೈಕಲ್ ಏರಿದ ಅವನನ್ನು ಚೇಷ್ಟೆ ಮಾಡದೆ ಬಿಡಲಿಲ್ಲ. ಯಾವ ಸಾಲಿಗೆ ಹೆಸರು ಹಚ್ಚೀರಿ ಚಾಚಾ, ಪಾಟಿಚೀಲ ಎಲ್ಲಿ ಎಂದು ಚಹಾದಂಗಡಿಯ ಹುಡುಗರು ಕೇಳುತ್ತಿದ್ದರು. ಮಾಸ್ತರ್ ಹೊಡೀತಾನಂತ ಓಡಿ ಹೊಂಟೀನಿ ಎಂದು ಇವನೂ ಹೇಳುತ್ತಿದ್ದ. ಆದರೆ ಮಳೆಗಾಲ ಮುಗಿಯುವ ಹೊತ್ತಿಗೆ ಅವನ ಕುಂಟು ಕಡಿಮೆಯಾಗಿತ್ತು. ನಮಾಜಿಗೆ ಕುರ್ಚಿ ಹಾಕಿಕೊಳ್ಳುತ್ತಿದ್ದವನು ಒಂದು ದಿನ ಹೆದರುತ್ತಲೇ ನೆಲಕ್ಕೆ ಮಂಡಿಯೂರಿ ನೋಡಿದ್ದ. ಮಂಡಿ ತಡೆದುಕೊಂಡಿತ್ತು. ಮನೆಗೆ ಬಂದು ಚಾಂದಬೀಯ ಮುಂದೆ ಮತ್ತೊಮ್ಮೆ ಮಂಡಿಯೂರಿ ತೋರಿಸಿದ್ದ.

ಚಾಂದಬೀ ಬಾಗಿಲಲ್ಲಿ ನಿಂತು ಎಚ್ಚರಿಸಿದ ಆ ದಿನ ಭಂಕೂರದ ದಾರಿ ಹಿಡಿದ. ಬೆಳಕು ಹರಿಯುತ್ತಿತ್ತು. ರಸ್ತೆಯ ಎರಡೂ ಬದಿ ಕಲ್ಲುಪುಡಿಯ ಬಿಳಿ ಗುಡ್ಡೆಗಳು. ಎಡಕ್ಕಿದ್ದ ಖಣಿಯಲ್ಲಿ ನೀರೆತ್ತುವ ಮೋಟರ್ ಗುಂಯ್‌ಗುಡುತ್ತಿತ್ತು. ಅವನು ಅದರ ಎದುರಿಗೆ ಬರುವುದಕ್ಕೂ ಆ ಸದ್ದು ಪಟ್ಟನೆ ನಿಲ್ಲುವುದಕ್ಕೂ ಸರಿಹೋಯಿತು.

ಖಾಜಾಮಿಯಾನ ಕೈ ತಾನಾಗಿಯೇ ಬ್ರೇಕ್ ಹಿಡಿಯಿತು.

ಅವನ ಕಾಲದಲ್ಲಿ ಖಣಿಗಳಲ್ಲಿ ನೀರೆತ್ತಲು ಡೀಸೆಲ್ ಇಂಜಿನ್ನುಗಳಿದ್ದವು. ಇಂಜಿನ್ ನಿಂತರೆ ತಳದಲ್ಲಿ ನೀರು ಏರುತ್ತದೆ, ಬಿಡಿಸಿಟ್ಟ ಕಲ್ಲಿನ ಪದರು ಮುಳುಗುತ್ತದೆ, ಕೆಳಗೆ ಯಾರಾದರೂ ಮಲಗಿದ್ದರೆ ಅವರ ಗತಿ ಮುಗಿಯಿತು. ಅದಕ್ಕೇ ಖಣಿ ಯಾರದು ಎಂದು ಯಾರೂ ಕೇಳುತ್ತಿರಲಿಲ್ಲ. ಸದ್ದು ನಿಂತರೆ ಹತ್ತಿರ ಇದ್ದವನು ಇಳಿದು ನೋಡಬೇಕು. ವೈರಿಯ ಖಣಿಯಾದರೂ ಇಳಿಯಬೇಕು. ಹಾಗೆ ಇಳಿಯದೆ ಹೋದವನಿಗೆ ಆಮೇಲೆ ಯಾರೂ ಬೀಡಿ ಸಹ ಕೊಡುತ್ತಿರಲಿಲ್ಲ.

ಸೈಕಲ್ಲನ್ನು ಕಲ್ಲಿಗೆ ಆನಿಸಿ, ಒಂದೊಂದೇ ಹೆಜ್ಜೆ ಹುಡುಕುತ್ತ ಕೆಳಗಿಳಿದ. ಮಲಗಿದವರು ಯಾರೂ ಇರಲಿಲ್ಲ. ಕೇಬಲ್ ಎಲ್ಲಿಯಾದರೂ ಸುಟ್ಟಿದೆಯೋ ಎಂದು ಬಗ್ಗಿ, ಅದನ್ನು ಮುಟ್ಟದೆ ಮೂಸುತ್ತ ಬಂದ. ಒಂದು ಕಡೆ ಅದು ನೀರಿಗೆ ಜಾರಿತ್ತು. ಒಣಗಿದ ಕಟ್ಟಿಗೆಯೊಂದನ್ನು ಹುಡುಕಿ ಕೇಬಲ್ಲನ್ನು ಮೇಲಕ್ಕೆತ್ತಿದ.

"ಸಿಕ್ಕಲೇ! ಧರ್ಮಣ್ಣಾ, ಸಿಕ್ಕ!"

ತಿರುಗುವಷ್ಟರಲ್ಲಿ ಬೆನ್ನಿಗೆ ಒದೆ ಬಿತ್ತು. ಅಂಗೈ ಊರಿ ಬಿದ್ದ. ಹಲ್ಲು ತುಟಿಗೆ ನಾಟಿತು.

ಮೂವರಿದ್ದರು. ಕೂಗಿದ ಹುಡುಗನ ಕೈಯಲ್ಲಿ ಪಟ್ಟಾ ಇತ್ತು, ಮಷೀನಿನ ದಪ್ಪ ಬೆಲ್ಟು. ಅವನನ್ನು ಉಳಿದವರು ಚನ್ನು ಎಂದು ಕರೆಯುತ್ತಿದ್ದರು. ಒದ್ದವನು ಮಶಾಕ. ಬಡಿಗೆ ಹಿಡಿದು ಹಿಂದೆ ಬಂದವನು ಧರ್ಮಣ್ಣ, ವಯಸ್ಸಿನಲ್ಲಿ ದೊಡ್ಡವನು. ಖಣಿಯ ಕಾವಲಿನವರು. ತಾಮ್ರದಾಸೆಗೆ ಕಳ್ಳರು ಎರಡು ಸಲ ಕೇಬಲ್ ಕತ್ತರಿಸಿ ಒಯ್ದಿದ್ದರು. ನೀವೇ ಅವರಿಗೆ ದಾರಿ ತೋರಿಸಿದವರು ಎಂದು ಮಾಲೀಕ ಈ ಮೂವರನ್ನು ಎಲ್ಲರ ಮುಂದೆ ಬೈದಿದ್ದ. ಈಗ ಮೋಟರ್ ನಿಂತಿದೆ, ಅಪರಿಚಿತನೊಬ್ಬ ಕೇಬಲ್ ಎತ್ತುತ್ತಿದ್ದಾನೆ. ಇನ್ನೇನು ಕೇಳುವುದು?

ಖಾಜಾಮಿಯಾ ಹೇಳಿದ. ಮೋಟರ್ ನಿಂತಿತು, ನೋಡಲು ಇಳಿದೆ, ನಾನೂ ಖಣಿಯವನೇ ಎಂದ. ಅವನ ಪ್ರತಿ ಮಾತಿಗೂ ಪಟ್ಟಾ ಬಿತ್ತು. ಹೆಗಲ ಮೇಲೆ, ಕಿವಿಯ ಮೇಲೆ, ಅಡ್ಡ ಹಿಡಿದ ಕೈಯ ಮೇಲೆ. ಮಶಾಕ ಅಂಗಿ ಹಿಡಿದೆತ್ತಿ ಮುಖಕ್ಕೆ ಗುದ್ದಿದ. ಮೂಗಿನಿಂದ ರಕ್ತ ಹರಿದು ಕಲ್ಲಿನ ಮೇಲೆ ತೊಟ್ಟಿಕ್ಕಿತು. ಮತ್ತೆ ನೆಲಕ್ಕೆ ಬಿದ್ದಾಗ ಖಾಜಾಮಿಯಾ ತಲೆಯನ್ನು ಅವರಿಗೇ ಬಿಟ್ಟುಕೊಟ್ಟ. ಬಲಮಂಡಿಯನ್ನು ಎರಡೂ ಕೈಯಲ್ಲಿ ಬಾಚಿ ಹೊಟ್ಟೆಗೆ ಅವುಚಿಕೊಂಡ.

ಅದೇ ಅವರ ಕಣ್ಣಿಗೆ ಬಿತ್ತು.

"ಪ್ಯಾಂಟಿನಾಗ ಏನೋ ಇಟ್ಕೊಂಡಾನ ನೋಡು," ಎಂದ ಚನ್ನು. "ಉಬ್ಬೇದ. ತಾಮ್ರ ಸುತ್ಕೊಂಡಾನ."

"ಮಂಡಿಗೆ ಪಟ್ಟಿ ಕಟ್ಟೀನಪ್ಪಾ. ಅಲ್ಲಿ ಹೊಡೀಬ್ಯಾಡ್ರಿ. ಕೈ ಮುಗೀತೀನಿ, ಬ್ಯಾರೆ ಎಲ್ಲಿ ಬೇಕಾದ್ರೂ ಹೊಡೀರಿ."

ಮಶಾಕ ಕೂದಲು ಹಿಡಿದು ಹಿಂದಕ್ಕೆ ಜಗ್ಗಿದ. ಚನ್ನು ಕಾಲನ್ನು ಎಳೆದು ನೆಟ್ಟಗೆ ಮಾಡಲು ನೋಡಿದ. ಖಾಜಾಮಿಯಾ ಅವನ ಮಣಿಕಟ್ಟಿಗೆ ಬಾಯಿ ಹಾಕಿ ಕಚ್ಚಿದ, ಬಿಡಲಿಲ್ಲ. ಹುಡುಗ ಚೀರಿದ. ಪಕ್ಕೆಗೆ ಧರ್ಮಣ್ಣನ ಬಡಿಗೆ ಬಿದ್ದ ಮೇಲೆಯೇ ಹಲ್ಲು ಸಡಿಲಾದದ್ದು. ಒಳಗೆ ಏನೋ ಲಟ್ಟೆಂದಿತು. ಕೈಗಳು ಬಿಟ್ಟುಹೋದವು, ಕಾಲು ಚಾಚಿಕೊಂಡಿತು. ರಕ್ತ ಸೋರುವ ಕೈಯಲ್ಲೇ ಚನ್ನು ಧರ್ಮಣ್ಣನ ಬಡಿಗೆ ಕಸಿದುಕೊಂಡು ಮೇಲೆತ್ತಿದ.

ಅಷ್ಟರಲ್ಲಿ, ಹೋಗಿದ್ದ ಕರೆಂಟಿನ ಲೈನ್ ಬಂತು. ಮೋಟರ್ ತಾನಾಗಿಯೇ ಒಮ್ಮೆ ಗೊರಕೆ ಹೊಡೆದು, ಗುಂಯ್ ಎಂದಿತು. ಮೇಲಿನ ಪೈಪಿನಿಂದ ನೀರು ಬಿದ್ದ ಸದ್ದು ಎಲ್ಲರಿಗೂ ಕೇಳಿಸಿತು. ಧರ್ಮಣ್ಣ ಮೋಟರಿನ ಕಡೆ ನೋಡಿದ, ತುಂಡಾಗದ ಕೇಬಲ್ ನೋಡಿದ. ಮಶಾಕ ಕೂದಲು ಬಿಟ್ಟ. ಚನ್ನುವೂ ಆ ಕಡೆ ನೋಡಿದ್ದನ್ನು ಖಾಜಾಮಿಯಾ ಕೆಳಗಿನಿಂದ ಕಂಡ.

ಅದಾದ ಮೇಲೆ ಬಡಿಗೆ ಇಳಿಯಿತು. ಸೀದಾ ಮಂಡಿಯ ಮೇಲೆ.

ಖಾಜಾಮಿಯಾನ ಬಾಯಿಂದ ಬಂದ ಸದ್ದಿಗೆ ಖಣಿಯ ಅಂಚಿನ ಕಾಗೆಗಳು ಎದ್ದವು.

ಆಮೇಲೆ ಉಳಿದ ಇಬ್ಬರೂ ಮಾತಾಡತೊಡಗಿದರು. ಧರ್ಮಣ್ಣ ಹುಡುಗನ ಕೆನ್ನೆಗೆ ಹೊಡೆದ. ಮಶಾಕ ನೀರು ತಂದು ಬಾಯಿಗೆ ಹಿಡಿದ. ನಿಮ್ಮ ಓಣಿ ಯಾವುದು, ಯಾರ ಮನೆಯವರು ಎಂದು ಈಗ ಕೇಳಿದ. ಲೈನ್ ಹೋದದ್ದು ನಮಗೆ ತಿಳಿಯಲಿಲ್ಲ, ಮೊದಲೇ ಎರಡು ಸಲ ಕಳುವಾಗಿತ್ತು, ಗಾಡಿ ತರ್ತೀವಿ, ದವಾಖಾನಿಗೆ ಒಯ್ತೀವಿ ಎಂದು ಒಬ್ಬರ ಮೇಲೊಬ್ಬರು ಹೇಳಿದರು. ಖಾಜಾಮಿಯಾ ಅವರಿಬ್ಬರನ್ನು ನೋಡಲೇ ಇಲ್ಲ.

"ಇಲ್ಲಿ ಬಾ," ಎಂದ ಚನ್ನುವಿಗೆ.

ಚನ್ನು ಬಂದು ಕೂತ. ಮಣಿಕಟ್ಟಿನಿಂದ ರಕ್ತ ಇಳಿಯುತ್ತಲೇ ಇತ್ತು.

"ಮೋಟರ್ ಚಾಲೂ ಆದದ್ದು ಕೇಳ್ತೋ ಇಲ್ಲೋ ನಿನಗ?"

"ಕೇಳ್ತು, ಚಾಚಾ."

"ಮತ್ತ ಯಾಕ ಹೊಡದಿ?"

"ಎತ್ತಿಬಿಟ್ಟಿದ್ದೆ, ಚಾಚಾ," ಎಂದ. "ಎತ್ತಿದ್ದು ಹೊಡೀಲಾರದ ಹ್ಯಾಂಗ ಇಳಸಬೇಕು, ಗೊತ್ತಾಗಲಿಲ್ಲ."

ಖಾಜಾಮಿಯಾ ಮೈಯಲ್ಲಿ ಉಳಿದಿದ್ದ ಕಸುವನ್ನೆಲ್ಲ ಕೂಡಿಸಿ ಅವನ ಮುಖಕ್ಕೆ ಬಾರಿಸಿದ. ಹುಡುಗನ ತಲೆ ಒಂದು ಕಡೆ ಹೊರಳಿತು, ಆದರೆ ಕೂತಲ್ಲಿಂದ ಅವನು ಕದಲಲಿಲ್ಲ. ಹಿಡಿಯಲು ಬೇರೇನೂ ಕೈಗೆ ಸಿಗದೆ, ಖಾಜಾಮಿಯಾ ಅವನ ಹೆಗಲನ್ನೇ ಹಿಡಿದು ಎದ್ದ. ಎಡಗಾಲು ನಿಂತಿತು. ಬಲಗಾಲನ್ನು ಮೆಲ್ಲಗೆ ಕಲ್ಲಿಗೆ ಮುಟ್ಟಿಸಿ, ಭಾರ ಬಿಟ್ಟ. ಮಂಡಿ ಪಕ್ಕಕ್ಕೆ ಮಡಚಿಕೊಂಡಿತು.