ನೆರಿಗೆಯೊಳಗಿನ ಕಲೆ

“ನಿಮ್ಮಪ್ಪ ಜನ್ಮದಾಗ ಒಂದು ಅರಿವಿ ಸುಟ್ಟಾಂವಲ್ಲ. ಅಂಥಾವಗ ನೀ ಎಂಥಾ ಮಗಾ ಹುಟ್ಟಿದ್ಯೋ!”

ಅಂಗಡಿ ಮುಂದಿದ್ದವರೆಲ್ಲ ನಕ್ಕರು. ಹೀಗೆ ಅಂದ ಗುರುಶಾಂತಪ್ಪನವರು ಎತ್ತಿ ಹಿಡಿದಿದ್ದ ತಮ್ಮ ಬಿಳಿ ಅಂಗಿಯ ಬೆನ್ನಿಗೆ ನನ್ನದೇ ಮೂತಿಯ ಕಂದು ಗುರುತು ಬಿದ್ದಿತ್ತು. ಮೈಲಾರಿ ನನ್ನ ಹಿಡಿಯನ್ನು ಮುರಿದೇಹೋಗುವಂತೆ ಬಿಗಿಹಿಡಿದ.

ನಾನು ಹಿತ್ತಾಳೆಯ ಇಸ್ತ್ರಿಪೆಟ್ಟಿಗೆ. ಎರಕದ ಮನೆಯಲ್ಲಿ ಹುಟ್ಟಿದವಳು. ಹೊಟ್ಟೆಯಲ್ಲಿ ಕೆಂಡ ಇಟ್ಟುಕೊಂಡೇ ಬದುಕಬೇಕು, ಹಣೆಬರಹ. ಗದಗಿನ ಈ ಓಣಿಗೆ ನನ್ನನ್ನು ತಂದವನು ಮೈಲಾರಿಯ ಅಪ್ಪ ಫಕೀರಪ್ಪ. ಒದ್ದೆ ಗೋಣಿಯ ಮೇಲೆ ನನ್ನನ್ನು ಒಮ್ಮೆ ಎಳೆದು, ಚುಂಯ್ ಸದ್ದು ಕೇಳಿ, ಆಮೇಲೆ ಬಟ್ಟೆಗೆ ಮುಟ್ಟಿಸುತ್ತಿದ್ದ. ಅವನು ಸತ್ತಾಗ ಮಗ ಶಾಲೆ ಬಿಟ್ಟು ನನ್ನ ಹಿಡಿಗೆ ಕೈ ಹಾಕಿದ. ಅವನ ನೆನಪಿನಲ್ಲಿದ್ದ ಅಪ್ಪ ಎಂದೂ ತಪ್ಪಿದವನಲ್ಲ. ಆ ಅಪ್ಪ ನೆನಪಾದಾಗೆಲ್ಲ ಹುಡುಗನ ಕೈ ತಡೆಯುತ್ತಿತ್ತು. ಕೈ ತಡೆದಲ್ಲಿ ನಾನು ನಿಲ್ಲುತ್ತಿದ್ದೆ, ನಿಂತಲ್ಲಿ ಬಟ್ಟೆ ಸುಡುತ್ತಿತ್ತು.

ಅಂದು ಅವನು ನನ್ನ ಕೆಂಡವನ್ನೆಲ್ಲ ಮೋರಿಗೆ ಸುರಿದ. ನನ್ನನ್ನು ಗುಜರಿಗೆ ಹಾಕಿ, ಈ ಕಸುಬನ್ನೇ ಬಿಡುವುದಾಗಿ ಎಲ್ಲರಿಗೂ ಕೇಳುವಂತೆ ಹೇಳಿ ಹೊರಟ. ಓಣಿಯ ತುದಿಯಲ್ಲಿ ಮುದುಕಿ ದ್ಯಾಮವ್ವ ಅಡ್ಡ ನಿಂತಳು.

“ಫಕೀರಣ್ಣನ ಪೆಟ್ಟಿಗಿ ಎಲ್ಲಿಗೆ ಒಯ್ಯಾಕತ್ತೀಯೋ?”

“ಗುಜರಿಗೆ. ಅಪ್ಪನ ಕೈ ನನಗ ಬರಂಗಿಲ್ಲಬೇ.”

“ತಡಿ.” ಒಳಗೆ ಹೋಗಿ ಹಳೆಯ ಇಳಕಲ್ ಸೀರೆ ತಂದು ಹರವಿದಳು. ನಡುವೆ ನನ್ನ ಮೂತಿ, ಕಪ್ಪಗೆ. “ನನ್ನ ಮದಿವಿ ಸೀರಿ. ಸುಟ್ಟಾಂವ ನಿಮ್ಮಪ್ಪ!”

ಮೈಲಾರಿ ನನ್ನನ್ನು ಕೆಳಗಿಟ್ಟು ಸೀರೆಯ ಮೇಲೆ ಬಗ್ಗಿದ.

“ಅಳಕೋತ ತಂದಿದ್ದ. ಸುಟ್ಟ ಕಲಿ ಒಳಗ ಹೋಗೂಹಂಗ ಕುಂತು ನೆರಿಗಿ ಮಡಚಿ ಕೊಟ್ಟ. ಮಂದಿಗೆ ಕಾಣ್ಲಿಲ್ಲ. ನಾನೂ ಯಾರ ಮುಂದೂ ಆಡ್ಲಿಲ್ಲ.”

“ಸಿಟ್ಟು ಬರ್ಲಿಲ್ಲೇನು?”

“ಬಂದಿತ್ತಪಾ. ಈಗ ಸೀರಿ ತಗದ್ರ ಅಂವ ಕುಂತು ಮಡಚಿದ್ದಷ್ಟ ನೆನಪಾಗ್ತೈತಿ.”

ನನ್ನ ತಳಕ್ಕೆ ಆ ಸುಟ್ಟ ವಾಸನೆ ಇನ್ನೂ ನೆನಪಿದೆ. ಊರಿಗೆ ನೆನಪಿದ್ದದ್ದು ಮಡಿಕೆ ಮಾತ್ರ. ಮೈಲಾರಿ ಕಲೆಯ ಮೇಲೆ ಮೆಲ್ಲಗೆ ಬೆರಳಾಡಿಸಿದ. ಅಪ್ಪನ ಕೆನ್ನೆ ಸವರಿದ ಹಾಗಿತ್ತು. ಆಮೇಲೆ ನನ್ನನ್ನು ಎತ್ತಿಕೊಂಡು ಅಂಗಡಿಯ ಕಡೆಗೇ ತಿರುಗಿದ.

ಚಹಾದಂಗಡಿಯ ಬಾಕಿನ ಮೇಲೆ ಗುರುಶಾಂತಪ್ಪನವರು ಕೂತಿದ್ದರು. “ಏನಲೇ, ಗುಜರಿಯಾಂವನೂ ಒಲ್ಲೆ ಅಂದ್ನೇನು? ಒಂದು ಅರಿವಿ ಸುಡದ ಅಪ್ಪನ ಹೆಸರು ಮಣ್ಣುಪಾಲು ಮಾಡಿದಿ!”

ಮತ್ತೆ ಎಲ್ಲರೂ ನಕ್ಕರು. ಮೈಲಾರಿ ನಿಂತ. ಒಂದೇ ಮಾತು ಸಾಕಿತ್ತು, ಅವರ ಬಾಯಿ ಮುಚ್ಚುತ್ತಿತ್ತು. ಆ ಮಾತು ಅವನ ತುಟಿಯವರೆಗೆ ಬಂದಿತ್ತು.

ಅವನು ಅದನ್ನು ಒಳಗೇ ಮಡಚಿಟ್ಟ. ಮತ್ತೆ ಕೆಂಡ ತುಂಬಲು ಅಂಗಡಿಯತ್ತ ನಡೆದ. ನನ್ನ ಸಡಿಲ ಮುಚ್ಚಳವೊಂದೇ ದಾರಿಯುದ್ದಕ್ಕೂ ಲೊಟಲೊಟ ಅನ್ನುತ್ತಿತ್ತು.